ತಲೆಕಟ್ಟಿನ ಗೀಟು

“ಈ ಚೀಲದಾಗ ಕೈ ಹಾಕ್ರಿ ಮೇಡಂ. ಈಗ ಬಾಗಿಲ ಮ್ಯಾಲ ಸವರಿ ನೋಡ್ರಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗ್ತೈತಿ.”

ರುದ್ರೇಶ ಕೊಟ್ಟ ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಹೇಮಾವತಿ ಕಾರಿನ ಹಿಂಬಾಗಿಲನ್ನು ಸವರಿದಳು. ಆಗಷ್ಟೇ ತೊಳೆದ ಕರಿ ಬಣ್ಣ. ಅದರಲ್ಲಿ ಅಂಗಳದ ಬೇವಿನ ಮರ, ಎಲೆಗಳ ಸಂದಿನ ಆಕಾಶ, ಅವಳದೇ ಮುಖ ಎಲ್ಲವೂ ಬಿಂದಿಗೆ ನೀರಿನಲ್ಲಿ ಕಂಡಷ್ಟು ನಿಚ್ಚಳವಾಗಿದ್ದವು. ಬರಿಗೈಗೆ ಬೆಣ್ಣೆಯಂತಿದ್ದ ಬಾಗಿಲು ಚೀಲದೊಳಗಿನ ಬೆರಳಿಗೆ ತರಿತರಿಯಾಗಿ ತಾಗಿತು.

“ಏನು ತಾಗ್ತು?”

“ಉಸುಗಿನಂಗ ಐತಿ.”

“ಉಸುಗಲ್ರಿ ಅದು,” ಎಂದ ರುದ್ರೇಶ. ಬೆಳಗಿನಿಂದ ಅವನ ಮುಖದಲ್ಲಿದ್ದ ಉತ್ಸಾಹ ಅಷ್ಟಕ್ಕೇ ಇಳಿಯಿತು.

ಹತ್ತಿಯ ಎಳೆ ಎಳೆದು ನೋಡಿ ದರ್ಜೆ ಹೇಳುವ ಮುದುಕ ಯಂಕಣ್ಣ, ಗುರುವಾರ ಸಂಜೆ ಕೌತಾಳಂ ಕ್ರಾಸಿನಲ್ಲಿ ಕರಿ ಕಾರೊಂದನ್ನು ಹತ್ತಿದವನು, ಇನ್ನೂ ಮನೆ ಸೇರಿರಲಿಲ್ಲ. ಆ ಕಾರು ಇದೇ ಎಂದು ಖಾತ್ರಿಯಾದರೆ ಎಸ್ಸೈ ಶಿವಕೃಷ್ಣ ಇವತ್ತೇ ರುದ್ರೇಶನನ್ನು ಒಯ್ಯುವವನಿದ್ದ.

ಹೇಮಾವತಿ ಪೊಲೀಸಿನವಳಲ್ಲ. ಅಪಘಾತದ ಗಾಡಿಗಳನ್ನು ನೋಡಿ ಇನ್ಶೂರೆನ್ಸಿನವರಿಗೆ ವರದಿ ಕೊಡುವ ಸರ್ವೇಯರ್. ನಜ್ಜುಗುಜ್ಜಾದ ತಗಡನ್ನೂ ಅದರ ಮಾಲೀಕರ ಸುಳ್ಳನ್ನೂ ಒಟ್ಟಿಗೇ ನೋಡಿ ನೋಡಿ ಅವಳ ಕಣ್ಣು ಪಳಗಿತ್ತು. ಶೇಂಗಾ ಮಾರುವ ಹೆಂಗಸಿನ ಮಾತೊಂದನ್ನೇ ನಂಬಿ, ಕನ್ನಡ ತೆಲುಗು ಎರಡೂ ಆಡುವ ಗಡಿಯೂರು ಆದೋನಿಯ ಹತ್ತಿ ಸಾವುಕಾರ ರುದ್ರೇಶನ ಮನೆಗೆ ನುಗ್ಗುವ ಧೈರ್ಯ ಶಿವಕೃಷ್ಣನಿಗಿರಲಿಲ್ಲ. ಅದಕ್ಕೇ, ಒಮ್ಮೆ ಕಾರು ನೋಡಿ ಬನ್ನಿ ಎಂದು ಇವಳ ಬೆನ್ನು ಬಿದ್ದಿದ್ದ.

ಆ ಶೇಂಗಾದ ಉರುಕುಂದಮ್ಮ ಓದು ಬರಹ ಬಲ್ಲವಳಲ್ಲ. ನಂಬರ್ ಗೊತ್ತಿಲ್ಲ ಎಂದಿದ್ದಳು. ಆದರೆ ನಂಬರಿಗಿಂತ ಕೆಡುಕಾದ ಮಾತೊಂದನ್ನು ಹೇಳಿದ್ದಳು. ಯಂಕಣ್ಣ ಹತ್ತಿದ ಕಾರಿನ ಬಾಗಿಲಲ್ಲಿ ಅವಳಿಗೆ ತನ್ನ ಶೇಂಗಾದ ಪುಟ್ಟಿ, ಆ ಬಿದಿರ ಬುಟ್ಟಿ, ಕನ್ನಡಿಯಲ್ಲಿದ್ದಂತೆ ಕಂಡಿತ್ತಂತೆ. ಆದೋನಿ ಸೀಮೆಯ ಧೂಳಿನಲ್ಲಿ ಕಾರಿನ ಬಾಗಿಲಿಗೆ ಪುಟ್ಟಿ ಕಾಣುವಷ್ಟು ಹೊಳಪಿದ್ದರೆ ಅದು ರುದ್ರೇಶನ ಕಾರೇ ಎಂದು ಹೇಳಲು ಪತ್ತೇದಾರರೇನೂ ಬೇಕಿರಲಿಲ್ಲ.

ಜಗಳವೂ ಇತ್ತು. ಹೋದ ವಾರ ಮಾರ್ಕೆಟ್ ಯಾರ್ಡಿನಲ್ಲಿ ಎಲ್ಲರ ಎದುರು ಯಂಕಣ್ಣ ರುದ್ರೇಶನ ಹತ್ತಿಯನ್ನು ಹಿಂಡಿ, ಇದಕ್ಕೆ ನೀರು ಹೊಡೆದಾರ ಎಂದುಬಿಟ್ಟಿದ್ದ. ನಿನ್ನ ನಾಲಿಗೀನ ತೊಳೀಬೇಕಾಗೈತಿ ಎಂದು ರುದ್ರೇಶ ಕೂಗಿದ್ದನ್ನು ಇಡೀ ಯಾರ್ಡು ಕೇಳಿಸಿಕೊಂಡಿತ್ತು.

ಇದನ್ನೆಲ್ಲ ಹೇಮಾವತಿ ಗೇಟಿನಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಲುಂಗಿ ಎತ್ತಿಕಟ್ಟಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಭಾನುವಾರದ ಕಾರು ತೊಳೆಯುವ ಕೆಲಸಕ್ಕೆ ನಿಂತಿದ್ದ ರುದ್ರೇಶ ಸಿಟ್ಟಾಗಲಿಲ್ಲ. ನೀವೂ ನಿಂತು ನೋಡಿ ಎಂದ. ಮೇಲಿನ ಧೂಳು ಸುಳ್ಳು ಹೇಳಬಹುದು, ಬಣ್ಣದೊಳಗೆ ಕೂತದ್ದು ಹೇಳುವುದಿಲ್ಲ, ಗುರುವಾರ ಕಾರು ಹೊರಗೆ ಹೋಗಿದ್ದರೆ ಅದೇ ಬಾಯಿಬಿಡುತ್ತದೆ ಎಂದ. ಗುರುವಾರ ಅವನಿಗೆ ಜ್ವರವಿತ್ತಂತೆ. ಮಗಳು ಅಮೂಲ್ಯ ಕೊಟ್ಟ ಗುಳಿಗೆ ನುಂಗಿ ಮಧ್ಯಾಹ್ನ ಮಲಗಿದವನು ಎದ್ದಾಗ ಮನೆಯಲ್ಲಿ ದೀಪ ಹಚ್ಚಿದ್ದರು. ಅವನು ಮನೆಯಲ್ಲಿದ್ದನೆಂಬುದಕ್ಕೆ ಅಮೂಲ್ಯಳ ಮಾತೊಂದೇ ಸಾಕ್ಷಿ.

ಅವನು ತೊಳೆಯುವುದನ್ನು ನೋಡುತ್ತ ನೋಡುತ್ತ ಹೇಮಾವತಿ ಬಂದ ಕೆಲಸವನ್ನೇ ಅರ್ಧ ಮರೆತಿದ್ದಳು. ಮೊದಲು ಕಾರನ್ನು ನೆರಳಿಗೆ ತಂದು, ಬಾನೆಟ್ ತಣ್ಣಗಿದೆಯೇ ಎಂದು ಅಂಗೈಯಿಟ್ಟು ನೋಡಿದ. ಬರೀ ನೀರು ಬಿಟ್ಟು ಧೂಳು ತಾನಾಗಿಯೇ ಇಳಿಯಲೆಂದು ಕಾದ. ಒಣ ಧೂಳಿನ ಮೇಲೆ ಬಟ್ಟೆ ಆಡಿಸುವವರನ್ನು ಕಂಡರೆ ಅವನಿಗೆ ಮೈಯುರಿಯಂತೆ. ಕೂಸಿನ ಕೆನ್ನೆಯನ್ನು ಉಪ್ಪುಕಾಗದದಲ್ಲಿ ಒರೆಸಿದ ಹಾಗೆ ಎನ್ನುತ್ತಿದ್ದ.

ಬಕೆಟ್ಟು ಎರಡು. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಕೈಗವಸು ಒಂದು ಭಾಗ ತೊಳೆದ ಕೂಡಲೇ ಬರಿ ನೀರಿನಲ್ಲಿ ಹಿಂಡಿಸಿಕೊಂಡು, ಕೊಳೆಯೆಲ್ಲ ಅಲ್ಲಿ ಬಿಟ್ಟು, ಆಮೇಲಷ್ಟೇ ಶಾಂಪೂವಿಗೆ ಇಳಿಯಬೇಕು. ಹಿಂದೊಮ್ಮೆ ಕನ್ನಡಕವಿಲ್ಲದೆ ಬಕೆಟ್ಟು ಅದಲುಬದಲಾಗಿ ಪೇಚಾಡಿದ ಮೇಲೆ ಬಿಳಿ ಪೇಂಟಿನಲ್ಲಿ ಒಂದರ ಮೇಲೆ ‘ಸೋಪು’, ಇನ್ನೊಂದರ ಮೇಲೆ ‘ನೀರು’ ಎಂದು ದಪ್ಪಗೆ ಬರೆಸಿಟ್ಟಿದ್ದ. ಎರಡೂ ಬಕೆಟ್ಟುಗಳ ಅಕ್ಷರ ಸದಾ ಅವನತ್ತಲೇ ಮುಖ ಮಾಡಿರುತ್ತಿದ್ದವು.

ಆದೋನಿಯ ಬೋರಿನ ನೀರು ಒಣಗಿದರೆ ಬಣ್ಣದ ಮೇಲೆ ಬಿಳಿ ಕಲೆ ಬಿಡುತ್ತದೆಂದು ಕೊನೆಯ ಜಾಲಾಟಕ್ಕೆ ಮಾತ್ರ ಡ್ರಮ್ಮಿನಲ್ಲಿ ಕೂಡಿಟ್ಟ ಮಳೆನೀರು. ಒರೆಸಲು ಮೈಕ್ರೋಫೈಬರ್ ಬಟ್ಟೆ. ಹತ್ತಿ ಮಾರಿ ತಲೆಮಾರುಗಟ್ಟಲೆ ಉಂಡ ಮನೆಯಲ್ಲಿ ಕಾರಿಗೆ ಮಾತ್ರ ಹತ್ತಿಬಟ್ಟೆ ನಿಷಿದ್ಧ, ಎಳೆ ಉದುರುತ್ತದೆಂದು. ಓಣಿಯವರು ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುತ್ತಿದ್ದರು. ಹೇಮಾವತಿಗೆ ನಗು ಬರಲಿಲ್ಲ. ಒಂದು ವಸ್ತುವನ್ನು ಇಷ್ಟು ಅಕ್ಕರೆಯಿಂದ ಕಾಯುವ ಕೈ ಮುದುಕನೊಬ್ಬನ ಮೇಲೆ ಏಳಲಾರದು ಎಂದು ಮನಸ್ಸು ತೀರ್ಪು ಕೊಡಲು ಹೊರಟಿತ್ತು. ಸರ್ವೇಯರ್ ಬುದ್ಧಿ ಅದರ ಕಿವಿ ಹಿಂಡಿ ಕೂರಿಸಿತು.

ಈಗ ಈ ತರಿ.

ರುದ್ರೇಶ ಡಬ್ಬಿಯಿಂದ, ಬಣ್ಣಕ್ಕೆ ಅಂಟಿದ್ದನ್ನು ಎತ್ತುವ ಕ್ಲೇ ತೆಗೆದ. ನಾದಿದ ಹಿಟ್ಟಿನಂಥ ಮೆತ್ತನೆ ಉಂಡೆ. ಬಾಗಿಲಿಗೆ ಸಾಬೂನು ನೀರು ಚಿಮುಕಿಸಿ, ಉಂಡೆಯನ್ನು ಚಪ್ಪಟೆ ಮಾಡಿ, ಒತ್ತದೆ ಹಗುರವಾಗಿ ಹಿಂದೆ ಮುಂದೆ ಜಾರಿಸಿದ. ತಿರುವಿ ನೋಡಿದರೆ ಬೂದು ಹಿಟ್ಟಿನ ಮೈಯಲ್ಲಿ ಕರಿ ಚುಕ್ಕೆಗಳು. ಹೇಮಾವತಿ ಒಂದನ್ನು ಉಗುರಿನಿಂದ ಎತ್ತಿ ಮೂಸಿದಳು.

ಡಾಂಬರು. ಹಸಿ ಡಾಂಬರು.

ಕೌತಾಳಂ ದಾಟಿ ಉರುಕುಂದದ ಕಡೆಗೆ ಹೋಗುವ ದಾರಿಗೆ ಈ ವಾರವಷ್ಟೇ ಡಾಂಬರು ಹಾಕುತ್ತಿದ್ದರು. ನಿನ್ನೆ ಅವಳದೇ ಸ್ಕೂಟರಿನ ಚಕ್ರಕ್ಕೂ ಅದು ಮೆತ್ತಿಕೊಂಡಿತ್ತು. ಹೋದ ಭಾನುವಾರ ಇದೇ ಬಾಗಿಲಿಗೆ ಕ್ಲೇ ಆಡಿಸಿ ಮೇಣ ಹಚ್ಚಿದ್ದೆ ಎಂದು ರುದ್ರೇಶನೇ ಹೇಳಿದ್ದ. ಅಂದರೆ ಈ ಚುಕ್ಕೆ ಅದರ ಈಚಿನವು.

“ನಾ ಹೊರಗ ತೆಗದೇ ಇಲ್ರಿ,” ಎಂದ ಅವನು. ಅವಳಿಗೆ ಹೇಳಿದ್ದೋ ಕಾರಿಗೆ ಹೇಳಿದ್ದೋ ತಿಳಿಯುವಂತಿರಲಿಲ್ಲ.

ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಕಾರಿನ ಸುತ್ತ ಓರೆಯಾಗಿ ಬೆಳಕು ಬಿಡುತ್ತ ಹೋದ. ಡಿಕ್ಕಿಯ ಹತ್ತಿರ ನಿಂತುಬಿಟ್ಟ. ಅಲ್ಲಿ ಬಣ್ಣದ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳಿದ್ದವು. ಎದುರಿನಿಂದ ನೋಡಿದರೆ ಏನೂ ಇಲ್ಲ, ಓರೆ ಬೆಳಕಿಗೆ ಎಲ್ಲವೂ ಇದೆ.

“ನನ್ನ ಕೈ ಯಾವತ್ತೂ ಸುತ್ತು ತಿರುಗಂಗಿಲ್ರಿ ಮೇಡಂ. ನೆಟ್ಟಗ ಹೋಗಿ ನೆಟ್ಟಗ ಬರ್ತೈತಿ. ಇದು ಬ್ಯಾರೆ ಯಾರದೋ ಕೈ.”

ಯಾರೋ ಕಾರನ್ನು ಹೊರಗೆ ಒಯ್ದಿದ್ದಾರೆ, ಧೂಳು ಹಿಡಿದಾಗ ಗಾಬರಿಯಲ್ಲಿ ಒಣ ಬಟ್ಟೆಯಿಂದ ತಿಕ್ಕಿ ಮತ್ತೆ ಶೆಡ್ಡಿಗೆ ತಂದು ನಿಲ್ಲಿಸಿದ್ದಾರೆ. ಗೀರು ಹೇಳುತ್ತಿದ್ದುದು ಅಷ್ಟು. ಸುಳ್ಳುಗಾರನಾಗಿದ್ದರೆ ಇವನೇ ಬೇಕೆಂದು ಹಾಗೆ ತಿಕ್ಕಿರಲೂಬಹುದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹೇಮಾವತಿ ಬೇಕಾದಷ್ಟು ಕಂಡಿದ್ದಳು. ಇವನು ಹೆಗಲ ಮೇಲಿನ ಬೂದಿಯನ್ನು ತಾನೇ ಕರೆದು ತೋರಿಸುತ್ತಿದ್ದ.

ಕೀಲಿಕೈ ಎಲ್ಲಿರುತ್ತದೆ, ಯಾರು ಓಡಿಸುತ್ತಾರೆ ಎಂದು ಅವಳು ಕೇಳಿದಳು. ಕೀಲಿಕೈ ಪಡಸಾಲೆಯ ಮೊಳೆಗೆ ತೂಗುಹಾಕಿರುತ್ತದೆ ಎಂದ. ಅಣ್ಣನ ಮಗ ಬಸವಕಿರಣ ಓಡಿಸುತ್ತಾನೆ. ಮತ್ತೆ ಮಗಳು.

“ಅಮೂಲ್ಯಗ ನಾನೇ ಕಲಿಸೀನ್ರಿ. ರಿವರ್ಸ್ ನನಗಿಂತ ಚಲೋ ಹೊಡೀತಾಳ ಆಕಿ,” ಎನ್ನುವಾಗ ಈ ಹೊತ್ತಿನಲ್ಲೂ ಅವನ ದನಿ ಅರಳಿತು.

ಬಸವಕಿರಣನ ಹೆಸರು ಹೇಮಾವತಿಯ ತಲೆಯಲ್ಲಿ ಕೂತಿತು. ಯಾರ್ಡಿನ ವ್ಯವಹಾರ ನೋಡಿಕೊಳ್ಳುವವನು ಅವನು, ನಿನ್ನೆ ಮಠದ ಹತ್ತಿರ ಅವಳಿಗೆ ಎದುರಾಗಿದ್ದವನು. ನಾಲಿಗೆ ತೊಳೆಯುವ ಮಾತನ್ನು ಪೊಲೀಸರ ಕಿವಿಗೆ ಮುಟ್ಟಿಸಿದ್ದೂ ಅವನೇ. ಕಾಕನೊಬ್ಬ ಒಳಗೆ ಹೋದರೆ ಯಾರ್ಡಿನ ಗಾದಿ ಅವನದೇ.

ಅಮೂಲ್ಯ ಚಹಾ ತಂದಳು. ಡಿಗ್ರಿ ಮುಗಿಸಿ ಪರೀಕ್ಷೆಗಳಿಗೆ ಓದುತ್ತಿದ್ದ, ತಿದ್ದಿ ಬಾಚಿದ ತಲೆಯ, ಮಾತು ಕಡಿಮೆಯ ಹುಡುಗಿ. ಅಪ್ಪನ ಕೈಯ ಕ್ಲೇ ಉಂಡೆಯನ್ನೂ ಅದರ ಕರಿ ಚುಕ್ಕೆಗಳನ್ನೂ ಒಮ್ಮೆ ನೋಡಿ, ಲೋಟ ಕೊಟ್ಟು ತಿರುಗಿದಳು. ಮೆಟ್ಟಿಲ ಹತ್ತಿರ ನಿಂತು, “ಒಳಗಿನ ಗಾಜು ಮರೀಬ್ಯಾಡ್ರಿ ಅಪ್ಪಾಜಿ,” ಎಂದಳು.

“ನೋಡ್ರಿ,” ಎಂದ ರುದ್ರೇಶ ಹೇಮಾವತಿಗೆ. “ಕಾರು ತೊಳಿಯಾಕ ಬಿಟ್ಟಿಲ್ಲ ಆಕೀನ. ಆದ್ರೂ ಕೆಲಸ ಎಲ್ಲಾ ಗೊತ್ತೈತಿ.”

ಗಾಜು ಯಾವತ್ತೂ ಕೊನೆಗೆ. ಅದಕ್ಕೂ ಅವನದೊಂದು ಶಾಸ್ತ್ರವಿತ್ತು. ಹೊರಗಡೆ ಒರೆಸುವಾಗ ಕೈ ಅಡ್ಡಡ್ಡ ಹೋಗಬೇಕು, ಒಳಗಡೆ ಒರೆಸುವಾಗ ಮೇಲಿನಿಂದ ಕೆಳಕ್ಕೆ. ಗೆರೆ ಉಳಿದರೆ ಅದು ಯಾವ ಮಗ್ಗುಲಿನದೆಂದು ಹುಡುಕಾಡಬೇಕಿಲ್ಲ, ಗೆರೆಯೇ ಹೇಳುತ್ತದೆ. ಇಷ್ಟು ವರ್ಷ ಗಾಜು ನೋಡಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಹೇಮಾವತಿಗೆ ಸಂತೋಷವೇ ಆಯಿತು.

ಅವನು ಮುಂದಿನ ಎಡಸೀಟಿನಲ್ಲಿ ಕೂತ, ಅವಳು ಡ್ರೈವರ್ ಸೀಟಿನಲ್ಲಿ. ಬಟ್ಟೆ ಹಚ್ಚುವ ಮೊದಲು ಗಾಜಿನ ಮೇಲೆ ಉಸಿರು ಬಿಟ್ಟು ನೋಡಬೇಕು, ಜಿಡ್ಡು ಎಲ್ಲಿದೆ ಎಂದು ಆಗ ಗೊತ್ತಾಗುತ್ತದೆ ಎನ್ನುತ್ತ ಅವನು ಮುಂದಕ್ಕೆ ಬಾಗಿ, ಬಾಯಿ ಅಗಲಿಸಿ, ಹಾ ಎಂದು ಬಿಸಿಯುಸಿರು ಬಿಟ್ಟ.

ಚಳಿಗಾಲದ ಬೆಳಗು. ಗಾಜು ಮಂಜಾಯಿತು. ಮಂಜಿನ ನಡುವೆ ಬೆರಳಿನಲ್ಲಿ ಬರೆದ ಅಕ್ಷರ ಎದ್ದು ಬಂದವು.

ಈರಣ್ಣ.

ಅದು ಯಾರ ಪದ ಎಂದು ಇಬ್ಬರಿಗೂ ಗೊತ್ತಿತ್ತು. ಯಂಕಣ್ಣ ಉರುಕುಂದದ ಈರಣ್ಣನ ಒಕ್ಕಲು. ಬಸ್ಸಾಗಲಿ ಟ್ರ್ಯಾಕ್ಟರಾಗಲಿ, ಹತ್ತಿ ಕೂತೊಡನೆ ಎದುರಿಗೆ ಸಿಕ್ಕ ಗಾಜಿನ ಮೇಲೋ ಹಲಗೆಯ ಮೇಲೋ ತೋರುಬೆರಳಿನಿಂದ ದೇವರ ಹೆಸರು ಬರೆಯದೆ ಹೊರಡುವವನಲ್ಲ. ಕೌತಾಳಂ ಬಸ್ಸಿನ ಕಂಡಕ್ಟರುಗಳೆಲ್ಲ ಅದಕ್ಕೆ ಅವನನ್ನು ಗೇಲಿ ಮಾಡುತ್ತಿದ್ದರು. ಬೆರಳಿನ ಜಿಡ್ಡು ಗಾಜಿನ ಮೇಲೆ ಉಳಿಯುತ್ತದೆ. ಒರೆಸುವತನಕ ಅದು ಪ್ರತಿ ಉಸಿರಿಗೂ ಎದ್ದು ಬರುತ್ತದೆ.

ಹೋದ ಭಾನುವಾರ ಒಳಗಿನ ಗಾಜು ಒರೆಸಿದ ಮೇಲೆ ಬರೆದದ್ದು. ಅಂಗೈ ಹುಣ್ಣಿಗೆ ಇನ್ನು ಕನ್ನಡಿ ಬೇಕಿರಲಿಲ್ಲ. ಯಂಕಣ್ಣ ಈ ಸೀಟಿನಲ್ಲಿ ಕೂತಿದ್ದ.

ರುದ್ರೇಶನ ಕೈಯಲ್ಲಿ ಬಟ್ಟೆ ಇತ್ತು. ಗಾಜಿಗೂ ಆ ಬಟ್ಟೆಗೂ ನಡುವೆ ಗೇಣಿನಷ್ಟು ಜಾಗ. ಮೇಲಿನಿಂದ ಕೆಳಕ್ಕೆ ಒಂದು ಸಲ ಎಳೆದರೆ ಅವನು ಉಳಿದುಕೊಳ್ಳುತ್ತಿದ್ದ. ಅವಳು ತಡೆಯಲು ಹೋದರೂ ತಡೆಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಅವನು ಬಟ್ಟೆಯನ್ನು ಮಡಚಿದ. ಅಂಚಿಗೆ ಅಂಚು ಸೇರಿಸಿ, ದಿನವೂ ಮಡಚುವ ಹಾಗೆಯೇ.

“ಇದು ನನ್ನ ಕೈಲಿ ಇರಬಾರದ್ರಿ,” ಎಂದು ಅವಳ ತೊಡೆಯ ಮೇಲಿಟ್ಟ. “ಹಿಡ್ಕೊಳ್ರಿ.”

ಹೇಮಾವತಿ ಬಟ್ಟೆಯನ್ನು ಹಿಡಿದುಕೊಂಡಳು. ಇಷ್ಟು ವರ್ಷದ ಕೆಲಸದಲ್ಲಿ ತನ್ನ ಕೇಸು ಕೆಡಿಸುವ ಗುರುತನ್ನು ತಾನೇ ಕಾಪಾಡಿಕೊಟ್ಟ ಮನುಷ್ಯನನ್ನು ಅವಳು ನೋಡಿದ್ದು ಇದೇ ಮೊದಲು. ಅವನ ಮೇಲೆ ಇದ್ದ ಮೆಚ್ಚುಗೆ ಗೌರವವಾಗಿ ಹೋಯಿತು.

ಅಕ್ಷರ ಮಾಸತೊಡಗಿದವು. ಅವಸರದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆದರೆ ಅದರಲ್ಲಿ ಬಂದದ್ದು ಆಚೆಗಿನ ಬೇವಿನ ಮರ. ಅಷ್ಟು ಸ್ವಚ್ಛ ಗಾಜು. ಅವಳು ಮೆಲ್ಲಗೆ ಇನ್ನೊಂದು ಉಸಿರು ಬಿಟ್ಟಳು.  

ಬೇಡ, ಇನ್ನೂ ಉಸಿರು ಬಿಟ್ಟರೆ ಜಿಡ್ಡು ಕದಡಬಹುದು ಎನಿಸಿದರೂ ಕಣ್ಣು ಕಿತ್ತುಕೊಳ್ಳಲಾಗಲಿಲ್ಲ. ಈ ಸಲ ಎದ್ದು ಬಂದದ್ದು ನಡುವಿನ ಅಕ್ಷರವೊಂದೇ, ರ. ಅದರ ನೆತ್ತಿ ನೋಡಿ ಹೇಮಾವತಿ ಉಸಿರು ಬಿಗಿಹಿಡಿದು ಇನ್ನೂ ಹತ್ತಿರ ಬಾಗಿದಳು.

ಶಿವಕೃಷ್ಣನಿಗೆ ಫೋನ್ ಮಾಡಿದಳು. ಬೇರೊಂದು ಕಳ್ಳತನದ ತನಿಖೆಗೆಂದು ಕರ್ನೂಲಿನಿಂದ ಬಂದ ಬೆರಳಚ್ಚಿನವನು ಸ್ಟೇಷನ್ನಿನಲ್ಲೇ ಇದ್ದಾನೆ, ಕರೆದುಕೊಂಡು ಹೊರಟೆ, ಯಾರೂ ಗಾಜು ಮುಟ್ಟಬಾರದು, ಉಸಿರೂ ಬಿಡಬಾರದು ಎಂದ ಅವನು. ಫೋನಿಟ್ಟು ಅವಳು ಕಾರಿನಿಂದ ಇಳಿದಳು. ರುದ್ರೇಶನೂ ಇಳಿದು, ಬಕೆಟ್ಟುಗಳ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ.

“ಯಂಕಣ್ಣ ಬರದದ್ದಲ್ಲ ಅದು, ಅಣ್ಣಾರ.”

ಅವನು ತಲೆಯೆತ್ತಿದ.

ಹೇಮಾವತಿ ವಿವರಿಸಿದಳು. ಯಂಕಣ್ಣ ಓದಿದ್ದು ಪೆದ್ದಹರಿವಾಣದ ಕನ್ನಡ ಶಾಲೆಯಲ್ಲಿ. ಅವನ ಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಈರಣ್ಣನನ್ನು ಅವಳು ನಿನ್ನೆಯಷ್ಟೇ ನೋಡಿದ್ದಳು, ಅವನ ಹೆಂಡತಿ ಸುಂಕಲಮ್ಮ ಅದೇ ಬಾಗಿಲಿಗೆ ಒರಗಿ ಕೂತಿದ್ದಳು. ಅಲ್ಲಿ ರಕಾರದ ತಲೆಯ ಮೇಲೆ ಕನ್ನಡದವರು ಎಳೆಯುವ ಅಡ್ಡಗೀಟು, ತೊಲೆಯ ಹಾಗೆ ಸಪಾಟು. ಈ ಗಾಜಿನ ಮೇಲಿನ ರಕಾರಕ್ಕೆ ಅಡ್ಡಗೀಟಿಲ್ಲ. ಮೇಷ್ಟ್ರು ಲೆಕ್ಕಕ್ಕೆ ಸರಿ ಹಾಕುವ ಗುರುತಿನಂಥ ಓರೆ ಗೀಟು. ಅದು ತೆಲುಗಿನ ತಲೆಕಟ್ಟು.

ತೆಲುಗಿನವರೇ ಬರೆದಿದ್ದರೆ ಈಕಾರವೂ ತೆಲುಗಿನದೇ ಇರುತ್ತಿತ್ತು. ಅದು ಅಪ್ಪಟ ಕನ್ನಡ. ಅಂದರೆ ಬರೆದವರು ಕನ್ನಡ ಅಕ್ಷರ ಬಲ್ಲವರು, ಆದರೆ ತೆಲುಗು ಬಡಿಯಲ್ಲಿ, ಅಂದರೆ ತೆಲುಗು ಶಾಲೆಯಲ್ಲಿ, ಕೈ ತಿದ್ದಿಕೊಂಡವರು. ಎಷ್ಟು ಎಚ್ಚರದಿಂದ ಬರೆದರೂ ತಲೆಕಟ್ಟಿನಲ್ಲಿ ಕೈ ಜಾರಿದೆ. ಯಂಕಣ್ಣನ ಹೆಸರಿನಲ್ಲಿ ಯಾರೋ ನಿಮಗೆ ಗುಂಡಿ ತೋಡಿದ್ದಾರೆ ಎಂದು ಅವಳು ಹೇಳುವಾಗ ದನಿಯಲ್ಲಿ ಗೆಲುವಿತ್ತು. ಇವನು ನಿರಪರಾಧಿ ಎಂದು ಅವಳಿಗೆ ಬೇಕಾಗಿತ್ತು, ಅದೀಗ ಸಿಕ್ಕಿತ್ತು.

ರುದ್ರೇಶ ಗೆಲುವಾಗಲಿಲ್ಲ.

“ಗೀಟಿನ ತುದಿ ಹೆಂಗಿತ್ರಿ? ಇನ್ನೊಮ್ಮೆ ಹೇಳ್ರಿ.”

“ಮ್ಯಾಲಕ್ಕ ಎದ್ದು, ತುದಿಗೆ ಒಂದು ಸಣ್ಣ ಸುಳಿ. ಬಳ್ಳಿ ಕುಡಿ ಸುತ್ತಿದಂಗ.”

ಅವನು ಹ್ಞೂಂ ಎಂದು ಬಕೆಟ್ಟುಗಳತ್ತ ತಲೆ ತಗ್ಗಿಸಿದ. ಉಳಿದುಕೊಂಡ ನೆಮ್ಮದಿಗೆ ಮೈ ಸೋತಿರಬೇಕು ಎಂದುಕೊಂಡಳು ಹೇಮಾವತಿ.

ಅಷ್ಟರಲ್ಲಿ ಗೇಟಿನ ಬಳಿ ಬೈಕು ನಿಂತಿತು. ಬಸವಕಿರಣ. ಬಿಳಿ ಅಂಗಿ, ಕಿವಿಗೆ ಫೋನು. ಕಾಕನ ಮನೆಯಲ್ಲಿ ಸರ್ವೇಯರನ್ನು ಕಂಡು ಅವನ ಮುಖ ಬಿಗಿಯಿತು. ಹೇಮಾವತಿ ಅವನನ್ನು ಪೀಠಿಕೆಯಿಲ್ಲದೆ ಅಂಗಳದ ಸಿಮೆಂಟಿನ ಮೇಲೆ ಕೂರಿಸಿ, ಬೆರಳು ನೀರಲ್ಲಿ ಅದ್ದಿ ಈರಣ್ಣ ಅಂತ ಬರಿ ಎಂದಳು.

ಅವನು ಕಾಕನ ಮುಖ ನೋಡಿದ, ಅವಳ ಮುಖ ನೋಡಿದ, ಬರೆದ. ಈಕಾರದಿಂದ ಹಿಡಿದು ಕೊನೆಯವರೆಗೆ ಶುದ್ಧ ತೆಲುಗು. ಕನ್ನಡದಲ್ಲಿ ಬರಿ ಎಂದರೆ ನಾಚಿಕೊಂಡ.

“ಕನ್ನಡ ಬರಿಯಾಕ ಬರಂಗಿಲ್ರಿ ಮೇಡಂ. ಮಾತಾಡ್ತೀನಿ ಅಷ್ಟ. ಅಕ್ಷರಾಲು ರಾವು.”

ನಾಟಕವಿರಬಹುದು. ಆದರೆ ನಿನ್ನೆ ಮಠದ ಮುಂದಿನ ಕನ್ನಡ ಬೋರ್ಡನ್ನು ಓದಿ ಹೇಳಿ ಎಂದು ಅವಳನ್ನು ಕೇಳಿದವನು ಇವನೇ. ಆಗ ಗಾಜಿನ ಮೇಲಿನ ಅಕ್ಷರದ ಸುದ್ದಿಯೇ ಇರಲಿಲ್ಲ, ನಟಿಸುವ ಕಾರಣವೂ ಇರಲಿಲ್ಲ. ಅವಳು ಕೂಡಿಸಿಟ್ಟ ಅನುಮಾನವೆಲ್ಲ ಸಿಮೆಂಟಿನ ಮೇಲಿನ ನೀರಿನಂತೆ ಆರಿತು. ಬಸವಕಿರಣ ಹೊರಗೆ ಹೋಗಿ ಬೈಕಿನ ಹತ್ತಿರ ನಿಂತ.

ಹಾಗಾದರೆ ಈ ಮನೆಯಲ್ಲಿ ತೆಲುಗು ಬಡಿಯಲ್ಲಿ ಓದಿಯೂ ಕನ್ನಡ ಬರೆಯುವವರು ಯಾರು?

ಕೇಳಬೇಕೆಂದು ತಿರುಗಿದಳು. ರುದ್ರೇಶನ ಕಾಲ ಬಳಿ ಎರಡು ಬಕೆಟ್ಟುಗಳಿದ್ದವು. ಬೆಳಗಿನಿಂದ ಅವುಗಳ ಅಕ್ಷರ ಅವನತ್ತ ಮುಖ ಮಾಡಿದ್ದವು. ಈಗ ‘ಸೋಪು’ ಮಾತ್ರ ಅವನತ್ತ ಇತ್ತು. ಇನ್ನೊಂದು ಬಕೆಟ್ಟು ಗೋಡೆಯ ಕಡೆಗೆ ತಿರುಗಿತ್ತು.

ಪ್ರತಿ ಡಬ್ಬಿಯನ್ನೂ ಹೆಸರು ಕಾಣುವಂತೆ ಜೋಡಿಸಿಡುವ ಮನುಷ್ಯ. ಅವನು ಮರೆತು ತಿರುಗಿಸುವವನಲ್ಲ.

ಹೇಮಾವತಿ ಬಗ್ಗಿ ಹಿಡಿಕೆ ಹಿಡಿದು ಬಕೆಟ್ಟನ್ನು ತಿರುಗಿಸಿದಳು. ‘ನೀರು.’ ಬಿಳಿ ಪೇಂಟು, ದಪ್ಪ ಕುಂಚ. ರಕಾರದ ನೆತ್ತಿಯ ಮೇಲೆ ಓರೆ ಗೀಟು. ಗೀಟಿನ ತುದಿಗೆ ಸಣ್ಣ ಸುಳಿ, ಬಳ್ಳಿಯ ಕುಡಿಯಂತೆ.

“ಇದನ್ನ ಯಾರು ಬರದಿದ್ದು, ಅಣ್ಣಾರ?”

ಅವನು ಬಕೆಟ್ಟನ್ನೇ ನೋಡುತ್ತಿದ್ದ.

“ವಚನ ಓದಲಿ ಅಂತ ಮನ್ಯಾಗ ಪಾಟಿ ಹಿಡಿದು ನಾನೇ ಕಲಿಸಿದೆ ಆಕಿಗೆ. ಬಡ್ಯಾಗ ಎಲ್ಲಾ ತೆಲುಗು. ಅಕ್ಷರಕ್ಕ ತೆಲುಗು ರುಮಾಲು ಸುತ್ತೀಯಲ್ಲವ್ವಾ ಅಂತ ನಗತಿದ್ದೆ. ತಿದ್ದಲೇ ಇಲ್ಲ. ಚೆಂದ ಕಾಣ್ತಿತ್ರಿ.”

ಒಳಗಿನ ಗಾಜು ಮರೀಬ್ಯಾಡ್ರಿ ಅಪ್ಪಾಜಿ. ಆ ಮಾತು ಹೇಮಾವತಿಯ ಕಿವಿಯಲ್ಲಿ ಮತ್ತೊಮ್ಮೆ ಕೇಳಿತು, ಈ ಸಲ ಬೇರೆಯೇ ಅರ್ಥದಲ್ಲಿ. ರುದ್ರೇಶನ ಕಿವಿಯಲ್ಲೂ ಅದೇ ಕೇಳಿಸುತ್ತಿರಬೇಕು. ಗುಳಿಗೆ ಕೊಟ್ಟು ಅಪ್ಪನನ್ನು ಮಲಗಿಸಿದವಳೇ ಆ ಹೆಸರು ಬರೆದು, ಅದು ಕಣ್ಣಿಗೆ ಬೀಳಲೆಂದು ಗಾಜು ನೆನಪಿಸಿದ್ದಳು; ಯಾಕೆ ಎಂಬುದಷ್ಟೇ ತಿಳಿಯಲಿಲ್ಲ.

ದೂರದಲ್ಲಿ ಜೀಪಿನ ಸದ್ದಾಯಿತು.

ರುದ್ರೇಶ ಎದ್ದ. ನಿಧಾನವಾಗಿಯೇ ಎದ್ದು ಕಾರಿನ ಕಡೆಗೆ ನಡೆದ. ಮೈಕ್ರೋಫೈಬರ್ ಬಟ್ಟೆ ಇನ್ನೂ ಹೇಮಾವತಿಯ ಕೈಯಲ್ಲಿಯೇ ಇತ್ತು, ಅದಕ್ಕೇ ಅವಳಿಗೆ ತಡವಾಗಿ ಹೊಳೆಯಿತು. ಅವಳು ಓಡಿ ಬಾಗಿಲು ಹಿಡಿಯುವಷ್ಟರಲ್ಲಿ ಅವನು ಎಡಸೀಟಿನಲ್ಲಿ ಕೂತು ಹೆಗಲ ಮೇಲಿನ ಹತ್ತಿ ಟವೆಲ್ಲನ್ನು ಎಳೆದು ಗಾಜಿಗೆ ಹಚ್ಚಿದ್ದ. ಹತ್ತಿಬಟ್ಟೆ ಮುಟ್ಟಿಸದ ಕಾರು ಅದು. ಮೇಲಿನಿಂದ ಕೆಳಕ್ಕಲ್ಲ, ನೆಟ್ಟಗೂ ಅಲ್ಲ. ಗೊತ್ತುಗುರಿಯಿಲ್ಲದೆ, ಹುಚ್ಚು ಹಿಡಿದವನಂತೆ, ಅವನ ಕೈ ಸುತ್ತುಸುತ್ತು ತಿರುಗುತ್ತಿತ್ತು.

“ನಿಮ್ಮನ್ನ ಉಳಸೋದು ಅದೊಂದೇ ಇತ್ತಲ್ರಿ,” ಎಂದಳು ಹೇಮಾವತಿ.

ಅವನ ಕೈ ನಿಲ್ಲಲಿಲ್ಲ.

ಜೀಪು ಗೇಟಿನೊಳಕ್ಕೆ ಬಂತು. ಶಿವಕೃಷ್ಣ ಇಳಿದ, ಹಿಂದೆ ಪೆಟ್ಟಿಗೆ ಹಿಡಿದ ಬೆರಳಚ್ಚಿನವನು. “ಅಕ್ಷರಾಲು ಎಕ್ಕಡ ಮೇಡಂ?” ಎಂದು, ಅಕ್ಷರ ಎಲ್ಲಿ ಎಂದು ತೆಲುಗಿನಲ್ಲಿ ಕೇಳುತ್ತ ಕಾರಿನ ಹತ್ತಿರ ಬಂದವನು ರುದ್ರೇಶನ ಕೈಯ ಟವೆಲ್ಲನ್ನೂ ಹತ್ತಿಯ ಎಳೆ ಮೆತ್ತಿದ ಗಾಜನ್ನೂ ನೋಡಿ ನಿಂತ.

ರುದ್ರೇಶ ಕಾರಿನಿಂದ ಇಳಿದು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

“ಅಳಸಿಬಿಟ್ಟೆ ಸಾರ್. ಯಂಕಣ್ಣನ್ನ ಕರ್ಕೊಂಡು ಹೋಗಿದ್ದು ನಾನೇ.”

ಗುರುವಾರ ಜ್ವರ ಬಂದು ಮಲಗಿದ್ದೆ ಎಂದಿರಲ್ಲ ಎಂದು ಶಿವಕೃಷ್ಣ ಕೇಳಿದ. ಸುಳ್ಳು ಹೇಳಿದ್ದೆ ಎಂದ ರುದ್ರೇಶ. ಯಂಕಣ್ಣ ಎಲ್ಲಿ ಎಂದರೆ ಕಾರಿನ ಬಾಗಿಲನ್ನೇ ನೋಡಿದ. ಅವನಿಗೆ ಗೊತ್ತಿದ್ದರಲ್ಲವೇ ಹೇಳುವುದು.

ಅಮೂಲ್ಯ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಶಿವಕೃಷ್ಣ ಅವಳ ಕಡೆ ತಿರುಗಿ, ಗುರುವಾರ ನಿಮ್ಮ ತಂದೆ ಮನೆಯಲ್ಲೇ ಮಲಗಿದ್ದರು ಎಂದು ನಮಗೆ ಹೇಳಿದ್ದು ನೀವೇ ಅಲ್ಲವೇನಮ್ಮ ಎಂದ.

ಒಂದು ಮಾತು ಸಾಕಿತ್ತು. ಹೌದು, ಇದ್ದರು. ಅಷ್ಟು ಹೇಳಿದರೆ ರುದ್ರೇಶನ ಸುಳ್ಳು ಅಲ್ಲಿಯೇ ಬಿದ್ದುಹೋಗುತ್ತಿತ್ತು. ಹೇಮಾವತಿ ಆ ಹುಡುಗಿಯ ತುಟಿಗಳನ್ನೇ ನೋಡಿದಳು. ಹೇಳುತ್ತಾಳೆ ಎಂದು ಅವಳಿಗೆ ಆಸೆಯಿತ್ತು.

ಅಮೂಲ್ಯ ಅಪ್ಪನ ಮುಖ ನೋಡಿದಳು. ಅಪ್ಪ ಸಣ್ಣಗೆ ತಲೆಯಾಡಿಸಿದ, ಪಾಟಿಯ ಮೇಲೆ ಅಕ್ಷರ ಸರಿಯಾಗಿದೆ ಎಂದು ತಲೆಯಾಡಿಸುವ ಹಾಗೆ.

“ಅಪ್ಪಾಜಿ ಹೆದರಿಸಿದ್ರು, ಅದಕ್ಕ ಹಂಗ ಹೇಳಿದ್ದೆ,” ಎಂದಳು ಅವಳು. “ಅವತ್ತು ಅವರು ಮನ್ಯಾಗ ಇದ್ದಿಲ್ರಿ.”

ರುದ್ರೇಶ ಕಣ್ಣು ಮುಚ್ಚಿ ತೆರೆದ. ಮತ್ತೆ ಯಾರ ಮುಖವನ್ನೂ ನೋಡದೆ ಜೀಪಿನ ಕಡೆಗೆ ನಡೆದ. ನಡೆಯುವಾಗ ಒದ್ದೆ ಲುಂಗಿ ಕಾರಿಗೆ ತಾಗದಂತೆ ಕೈಯಲ್ಲಿ ಹಿಡಿದುಕೊಂಡಿದ್ದ.

“ಮೇಡಂ,” ಎಂದ ಶಿವಕೃಷ್ಣ. “ಆ ಅಕ್ಷರ ಕಣ್ಣಾರೆ ನೋಡಿದವರು ಇನ್ನ ನೀವೊಬ್ಬರೇ. ಅದು ಯಾರ ಕೈ ಬರಹ?”

ಜೀಪಿನೊಳಗಿನಿಂದ ರುದ್ರೇಶ ಅವಳನ್ನು ನೋಡಿದ. ಮೆಟ್ಟಿಲ ಮೇಲಿನಿಂದ ಅಮೂಲ್ಯಳೂ ನೋಡಿದಳು. ಹೇಮಾವತಿ ಬಗ್ಗಿ ನೀರಿನ ಬಕೆಟ್ಟನ್ನು ಎತ್ತಿಕೊಂಡಳು. ಅದರ ಅಕ್ಷರ ಅವಳ ಸೀರೆಯ ಕಡೆಗಿತ್ತು, ಇನ್ನೂ ಯಾರಿಗೂ ಕಾಣುತ್ತಿರಲಿಲ್ಲ.